ಟಚಿಂಗ್ ಮೇಜಿನಿಂದ ಗೂಬೆ ನೀಹಾರಿಕೆಯವರೆಗೆ

ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದೆ ಎಂದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಮದುವೆ ಫೋಟೋ ತೆಗೆದಿದ್ದೀರಿ?" ಒಂದೂ ಇಲ್ಲ. ಕ್ಯಾಮೆರಾ ಹಿಡಿಯುವುದು ನನ್ನ ಕೆಲಸವಾಗಿರಲಿಲ್ಲ. ಬೇರೆಯವರು ಹಿಡಿದ ಚಿತ್ರದಲ್ಲಿ ಇರಬಾರದ್ದನ್ನು ಅಳಿಸುವುದು ನನ್ನ ಕೆಲಸ. ಮೊಡವೆ, ಸುಕ್ಕು, ಕಣ್ಣಿನ ಕೆಳಗಿನ ಕಪ್ಪು, ಫಿಲ್ಮಿನ ಮೇಲೆ ಕೂತ ಧೂಳು, ನೀರಿನ ಕಲೆ. ಒಮ್ಮೆ ಒಂದು ಮನೆಯವರ ಗ್ರೂಪ್ ಫೋಟೋದಿಂದ, ಜಗಳವಾಡಿಕೊಂಡು ಹೋದ ಭಾವನನ್ನೇ ಇಡಿಯಾಗಿ ಅಳಿಸಿದ್ದೆ. ಮುಂದಿನ ವರ್ಷ ರಾಜಿಯಾಯಿತು. ಅದೇ ಮನೆಯವರು ಬಂದು, "ಭಾವನ್ನ ವಾಪಸ್ ಹಾಕ್ಕೊಡಿ" ಎಂದರು. ಆ ಜಾಗದಲ್ಲಿ ನಾನು ಹೂಕುಂಡ ಕೂರಿಸಿಬಿಟ್ಟಿದ್ದೆ. ಕೊನೆಗೆ ಹೊಸ ಫೋಟೋ ತೆಗೆಸಿಕೊಂಡರು, ಹೂಕುಂಡವೂ ಇರಲಿ ಎಂದರು.

ಭದ್ರಾವತಿಯಲ್ಲಿ ನನ್ನನ್ನು ಈಗಲೂ 'ಟಚಿಂಗ್ ಸರೋಜಕ್ಕ' ಎನ್ನುವವರಿದ್ದಾರೆ. ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಜನ್ನಾಪುರದ ನಮ್ಮ ಮನೆಗೆ ಬಂದು, "ಆಗೆಲ್ಲ ಹೇಗಿತ್ತು ಆಂಟಿ?" ಎಂದು ಕೇಳುವುದುಂಟು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಡುವೆ ಆಕಾಶದ ಒಂದು ನೀಹಾರಿಕೆ ಬರುತ್ತದೆ, ದಾರಿ ತಪ್ಪಿದೆ ಎಂದುಕೊಳ್ಳಬೇಡಿ. ಅದೂ ಟಚಿಂಗ್ ಕಥೆಯೇ.

ನಮ್ಮ ಸ್ಟುಡಿಯೋ ಊರಿನ ಕಬ್ಬಿಣದ ಕಾರ್ಖಾನೆಗೆ ಹೋಗುವ ರಸ್ತೆಯಲ್ಲಿತ್ತು. ಮಾಲೀಕರು ಸೆಲ್ವರಾಜಣ್ಣ. ಅವರ ತಾತ ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದವರು. ಅಣ್ಣ ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ ಮಾತನಾಡುತ್ತಿದ್ದರು. ಹೊಗಳುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ನಾನು ಮುಗಿಸಿಕೊಟ್ಟ ಪ್ರಿಂಟನ್ನು ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದು "ಮ್" ಎನ್ನುತ್ತಿದ್ದರು. ಆ "ಮ್" ಮೇಲಕ್ಕೆ ಹೋದರೆ ಪಾಸು, ಕೆಳಕ್ಕಿಳಿದರೆ ಮತ್ತೆ ಮೊದಲಿಂದ. ಅವರ ಮೂಗಿನಿಂದ ಹೊರಡುವ ಆ ಒಂದಕ್ಷರಕ್ಕೆ ನಾನು ಹೆದರಿದಷ್ಟು ನನ್ನ ಅತ್ತೆಗೂ ಹೆದರಿಲ್ಲ.

ಟಚಿಂಗ್ ಮೇಜು ಎಂದರೆ ಇಳಿಜಾರಾದ ಹಲಗೆ, ನಡುವೆ ಕಿಟಕಿಯಂತೆ ಕತ್ತರಿಸಿ ಕೂರಿಸಿದ ಮಸುಕು ಗಾಜು. ಕೆಳಗಿಟ್ಟ ಕನ್ನಡಿ ಹೊರಗಿನ ಬೆಳಕನ್ನು ಗಾಜಿನ ಹಿಂದಕ್ಕೆ ಕಳಿಸುತ್ತಿತ್ತು. ನೆಗೆಟಿವನ್ನು ಗಾಜಿನ ಮೇಲಿಟ್ಟು, ಉಪ್ಪುಕಾಗದದಲ್ಲಿ ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಅದರ ಮೇಲೆ ಗೀಚಬೇಕು. ಗೀಚುವುದು ಎಂದರೆ ತಪ್ಪಾದೀತು, ಸವರಬೇಕು. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು. ಮುಖದ ಕಪ್ಪು ಅಲ್ಲಿ ಬಿಳಿ, ಕೂದಲು ನರೆತಂತೆ, ಹಲ್ಲು ಕಪ್ಪು. ವರ್ಷಗಟ್ಟಲೆ ಹಾಗೆ ನೋಡಿ ನೋಡಿ, ಬೀದಿಯಲ್ಲಿ ಯಾರಾದರೂ ಎದುರಾದರೆ ನನ್ನ ಕಣ್ಣು ಮೊದಲು ಹೋಗುತ್ತಿದ್ದುದು ಅವರ ಕೆನ್ನೆಯ ಮೊಡವೆಗೆ. ನಮಸ್ಕಾರ ಆಮೇಲೆ.

ಮದುವೆಗೆ ತೋರಿಸುವ ಫೋಟೋಗಳು ನಮ್ಮ ಮುಖ್ಯ ಆದಾಯ. ಗಿರಿಜಾ ಎಂಬ ಹುಡುಗಿಯ ಮೂಗಿನ ಪಕ್ಕ ಕಡಲೆ ಗಾತ್ರದ ಮಚ್ಚೆಯಿತ್ತು. ಅವಳ ಅಪ್ಪ, "ತೆಗೆದುಬಿಡಮ್ಮ, ಪುಣ್ಯ ಬರ್ತದೆ" ಎಂದರು, ತೆಗೆದೆ. ಹೆಣ್ಣು ನೋಡಲು ಬಂದ ಗಂಡು ಅವಳನ್ನು ಕಂಡು, "ಫೋಟೋದಲ್ಲಿರೋರು ನಿಮ್ಮ ಅಕ್ಕನಾ?" ಎಂದು ಕೇಳಿದನಂತೆ. ಆದರೂ ಅವಳನ್ನೇ ಮದುವೆಯಾದ. ಗಿರಿಜಾ ಈಗ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಾರೆ. ಮಚ್ಚೆಯನ್ನು ನೆನಪಿಸಿ ನನ್ನನ್ನು ರೇಗಿಸುವುದನ್ನು ಇವತ್ತಿಗೂ ಬಿಟ್ಟಿಲ್ಲ.

ಆದರೆ ನಾನು ಹೇಳಲೇಬೇಕಾದ ಪ್ರಕರಣ ಬೇರೆ. ಕುಲುಮೆಯ ಬಳಿ ಕೆಲಸ ಮಾಡುತ್ತಿದ್ದ ಒಬ್ಬರು ತೀರಿಕೊಂಡಿದ್ದರು. ಅವರ ಹೆಂಡತಿ ಬಂದು, ನಮ್ಮಲ್ಲೇ ತೆಗೆಸಿದ್ದ ಸಣ್ಣ ಫೋಟೋವನ್ನು ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿಕೊಡಿ ಎಂದರು. ನೆಗೆಟಿವ್‌ನಲ್ಲಿ ಎಡಗೆನ್ನೆಯ ಮೇಲೆ ಅಕ್ಕಿಕಾಳಿನಷ್ಟು ಒಂದು ಗುರುತು. ಧೂಳು ಕೂತಿರಬೇಕು ಎಂದು ಪೆನ್ಸಿಲ್ಲಿನಲ್ಲಿ ನೀಟಾಗಿ ತುಂಬಿದೆ. ಪ್ರಿಂಟಿಗೆ ಅಣ್ಣನ "ಮ್" ಮೇಲಕ್ಕೇ ಹೋಯಿತು.

ಆ ಹೆಂಗಸು ಫೋಟೋವನ್ನು ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ ಕಣಮ್ಮ," ಎಂದರು. "ಆದ್ರೆ ಇದು ಇವರ ತಮ್ಮನ ಥರ ಇದೆ. ಇವ್ರಿಗೆ ಕಿಡಿ ಹಾರಿ ಇಲ್ಲಿ ಸುಟ್ಟಿತ್ತು. ನಾನೇ ಬೆಣ್ಣೆ ಹಚ್ಚಿದ್ದೆ."

ಅವರು ಬೆರಳಿಟ್ಟು ತೋರಿಸಿದ್ದು ನಾನು ತುಂಬಿದ ಅದೇ ಜಾಗ. ನನಗೆ ಭೂಮಿಗಿಳಿದು ಹೋಗುವಂತಾಯಿತು. ಸೆಲ್ವರಾಜಣ್ಣ ಬಯ್ಯಲಿಲ್ಲ. ಒಳಗೆ ಹೋಗಿ ಅದೇ ಮನುಷ್ಯನ ಎರಡನೆಯ ನೆಗೆಟಿವ್ ತಂದು, ಮೊದಲನೆಯದರ ಪಕ್ಕದಲ್ಲಿ ಗಾಜಿನ ಮೇಲಿಟ್ಟರು. ಮೊದಲನೆಯದರಲ್ಲಿ ಮುಖ ನೇರ, ಎರಡನೆಯದರಲ್ಲಿ ಸ್ವಲ್ಪ ಓರೆ.

"ನೋಡಮ್ಮಾ. ಮುಖ ತಿರುಗಿದೆ, ಗುರುತೂ ಜೊತೇಲೇ ತಿರುಗಿದೆ. ಧೂಳು ಹಾಗೆ ತಿರುಗಲ್ಲ. ಧೂಳು ಕ್ಯಾಮೆರಾ ಕಡೆಯದು, ಗುರುತು ಮುಖದ ಕಡೆಯದು. ಡೌಟ್ ಬಂದ್ರೆ ಎರಡು ನೆಗೆಟಿವ್ ನೋಡು, ಆಮೇಲೆ ಪೆನ್ಸಿಲ್ ಎತ್ತು."

ಟರ್ಪೆಂಟೈನ್ ಹತ್ತಿಯಲ್ಲಿ ಒರೆಸಿ ಪೆನ್ಸಿಲ್ ತೆಗೆದೆ. ಮರುದಿನದ ಪ್ರಿಂಟಿನಲ್ಲಿ ಗುರುತು ಮರಳಿ ಬಂತು. ಆ ಹೆಂಗಸು ಫೋಟೋದ ಕೆನ್ನೆಯನ್ನು ಸೆರಗಿನ ತುದಿಯಿಂದ ಒಮ್ಮೆ ಮುಟ್ಟಿ, ತೆಗೆದುಕೊಂಡು ಹೋದರು. ನಾನು ಒಳಗೆ ಹೋಗಿ ಅತ್ತೆ.

ಆಮೇಲೆ ಕಂಪ್ಯೂಟರ್ ಬಂತು. ಪೆನ್ಸಿಲ್ ಮೂಲೆ ಸೇರಿತು, ನಾನು ಮೌಸ್ ಹಿಡಿಯಲು ಕಲಿತೆ. ಎಷ್ಟು ಸುಲಭ ಎಂದರೆ ಕಲೆಯ ಮೇಲೆ ಒಂದು ಸಲ ಒತ್ತಿದರೆ ಸಾಕು, ಅಕ್ಕಪಕ್ಕದ ಚರ್ಮವೇ ಬಂದು ಮುಚ್ಚಿಕೊಳ್ಳುತ್ತದೆ. ಹುಡುಗಿಯರೇ, ಅಪಾಯ ಇರುವುದು ಅಲ್ಲೇ. ಪೆನ್ಸಿಲ್ ಹಿಡಿದಾಗ ಒಂದು ಕಲೆ ತೆಗೆಯಲು ಉಸಿರು ಕಟ್ಟಬೇಕಿತ್ತು. ಆ ಹೊತ್ತಿನಲ್ಲಿ 'ತೆಗೆಯಬೇಕೇ?' ಎಂಬ ಯೋಚನೆಯೂ ಬರುತ್ತಿತ್ತು. ಮೌಸ್‌ನಲ್ಲಿ ಯೋಚನೆ ಬರುವ ಮೊದಲೇ ಕಲೆ ಹೋಗಿರುತ್ತದೆ. ಇದನ್ನು ಬೇರೆಯವರಿಗೆ ಬುದ್ಧಿ ಹೇಳಲು ಇಷ್ಟು ಚೆನ್ನಾಗಿ ಹೇಳುತ್ತಿದ್ದೇನೆ, ನಾನೇ ಅದಕ್ಕೆ ಸಿಕ್ಕಿಬಿದ್ದೆ. ಆ ಕಥೆಗೇ ಬರುತ್ತೇನೆ.

ನಮ್ಮ ಯಜಮಾನರು ಮಲ್ಲೇಶಪ್ಪ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಲೇತ್ ಯಂತ್ರದಲ್ಲಿ ಕಬ್ಬಿಣವನ್ನು ಕೂದಲೆಳೆಗಿಂತ ಸಣ್ಣ ಲೆಕ್ಕದಲ್ಲಿ ಕಡೆದವರು. ನಿವೃತ್ತರಾದ ಮೇಲೆ ಒಂದು ಗ್ರಹಣದ ದಿನ ಗಿರಿಜಾ ಮೇಡಂ ಅವರ ಭಾಷಣಕ್ಕೆ ನನ್ನ ಜೊತೆ ಬಂದರು. ಮೇಡಂ ಮಾತಿನ ಮಧ್ಯೆ, ದೂರದರ್ಶಕದ ಕನ್ನಡಿಯನ್ನು ಮನೆಯಲ್ಲೇ ಕೈಯಿಂದ ಉಜ್ಜಿ ಮಾಡಬಹುದು, ಅದರ ನಯ ಯಾವ ಲೇತ್‌ಗೂ ಸಿಗುವುದಿಲ್ಲ ಎಂದರು. ಅಷ್ಟೇ, ಇವರಿಗೆ ಹುಳ ಹೊಕ್ಕಿತು.

"ಲೇತಿಗೆ ಸಿಗದೇ ಇರೋದು ಕೈಗೆ ಸಿಗುತ್ತಾ? ಹೇಗೆ ಸಿಗುತ್ತೆ ಸರೋಜ?" ಬಸ್ಸಿನಲ್ಲಿ ಬರುವಾಗ ಕೇಳಿದರು, ಊಟಕ್ಕೆ ಕೂತಾಗ ಕೇಳಿದರು, ಮಲಗುವಾಗಲೂ ಕೇಳಿದರು.

ಶಿವಮೊಗ್ಗದಿಂದ ದಪ್ಪ ಗಾಜಿನ ಎರಡು ಬಿಲ್ಲೆಗಳು ಬಂದವು, ತಟ್ಟೆಯಷ್ಟು ಅಗಲ. ಹಿತ್ತಲಲ್ಲಿ ಎಣ್ಣೆಯ ಡ್ರಮ್ ನಿಲ್ಲಿಸಿ, ಅದರ ಮೇಲೆ ಒಂದು ಬಿಲ್ಲೆ ಕೂರಿಸಿ, ನಡುವೆ ಒದ್ದೆ ಸಾಣೆಪುಡಿ ಹಾಕಿ, ಇನ್ನೊಂದು ಬಿಲ್ಲೆಯನ್ನು ಅದರ ಮೇಲೆ ಹಿಂದೆ ಮುಂದೆ ಉಜ್ಜುವುದು. ಉಜ್ಜುತ್ತಾ ಡ್ರಮ್ಮಿನ ಸುತ್ತ ಹೆಜ್ಜೆ ಹಾಕುವುದು. ಹೀಗೆ ಮಾಡಿದರೆ ಮೇಲಿನ ಗಾಜು ತಾನಾಗಿಯೇ ಬಟ್ಟಲಂತೆ ತಗ್ಗಾಗುತ್ತದೆ. ಪಕ್ಕದ ಮನೆಯ ಪದ್ಮಾವತಿ ಬೇಲಿಯಾಚೆಯಿಂದ, "ಏನ್ ಸರೋಜಕ್ಕ, ಅಣ್ಣೋರು ಡ್ರಮ್ಮಿಗೆ ಪ್ರದಕ್ಷಿಣೆ ಹಾಕ್ತಿದ್ದಾರೆ! ಹರಕೆನಾ?" ಎಂದು ಕೇಳಿದರು. ಒಂದು ಮಳೆಗಾಲ ಪೂರ್ತಿ ಆ ಪ್ರದಕ್ಷಿಣೆ ನಡೆಯಿತು. ಕನ್ನಡಿ ಸರಿಯಾಗಿದೆಯೇ ಎಂದು ನೋಡಲು ಒಂದು ಸಣ್ಣ ಬಲ್ಬು, ಒಂದು ಶೇವಿಂಗ್ ಬ್ಲೇಡು ಸಾಕಂತೆ. ಬ್ಲೇಡಿನ ಅಂಚಿನಲ್ಲಿ ಮೂಡುವ ನೆರಳನ್ನು ಅವರು ನನಗೂ ತೋರಿಸಿದರು. ನೋಡಿ ದಂಗಾದೆ. ಗಾಜಿನ ಮೇಲೆ ಬೆರಳಿಟ್ಟು ತೆಗೆದರೆ, ಆ ಬಿಸಿಗೆ ಉಬ್ಬಿದ ಗಾಜು ಅಲ್ಲಿ ಗುಡ್ಡದಂತೆ ಕಾಣುತ್ತಿತ್ತು!

ಕನ್ನಡಿ ಮುಗಿಯುವ ಹೊತ್ತಿಗೆ ಅವರ ಬಲಗೈ ನಡುಗಲು ಶುರುವಾಯಿತು. ಶಿವಮೊಗ್ಗದ ಡಾಕ್ಟರು ನೋಡಿ, ಮಾತ್ರೆಯಿಂದ ತಡೆಯಬಹುದು, ವಾಸಿಯಾಗುವುದಿಲ್ಲ, ನಿಧಾನಕ್ಕೆ ಜಾಸ್ತಿಯಾಗುತ್ತದೆ ಎಂದರು. ವಾಪಸ್ ಬರುವಾಗ ಇವರು, "ಒಂದು ಕನ್ನಡಿ ಮುಗೀತಲ್ಲ ಮಾರಾಯ್ತಿ, ಸಾಕು ಬಿಡು" ಎಂದರು. ಜೀವನವಿಡೀ ಕೈಯನ್ನೇ ನಂಬಿದ್ದವರು ಅವರು. ಆ ಕೈಯಿಂದ ಇನ್ನೊಂದು ಕನ್ನಡಿ ಆಗುವಂತಿರಲಿಲ್ಲ. ಇದೊಂದು ಸರಿಯಾಗಿದೆ ಎಂದು ಅವರಿಗೆ ಗೊತ್ತಾಗಬೇಕಿತ್ತು, ಅಷ್ಟೇ.

ಬೆಂಗಳೂರಿಗೆ ಕಳಿಸಿ ಅದಕ್ಕೆ ಅಲ್ಯೂಮಿನಿಯಂ ಲೇಪ ಹಾಕಿಸಿದೆವು. ದಪ್ಪ ಪೈಪು, ಪ್ಲೈವುಡ್ಡು, ಹಳೆಯ ಪ್ರಿಂಟರಿನಿಂದ ಬಿಚ್ಚಿದ ಮೋಟಾರು ಸೇರಿಸಿ ದೂರದರ್ಶಕವಾಯಿತು. ಭೂಮಿ ತಿರುಗುವುದಕ್ಕೆ ಸರಿಯಾಗಿ ಅದನ್ನು ಮೆಲ್ಲಗೆ ತಿರುಗಿಸುವುದು ಆ ಮೋಟಾರಿನ ಕೆಲಸ. ಸೆಲ್ವರಾಜಣ್ಣನ ಕಾಲಾನಂತರ ಸ್ಟುಡಿಯೋ ನಡೆಸುತ್ತಿರುವ ಅವರ ಮಗ, ಮೂಲೆಯಲ್ಲಿದ್ದ ಹಳೆಯ ಕ್ಯಾಮೆರಾವೊಂದನ್ನು ಕೊಟ್ಟ.

ಕನ್ನಡಿಯ ಪರೀಕ್ಷೆಗೆ ಗಿರಿಜಾ ಮೇಡಂ ಆರಿಸಿದ್ದು ಗೂಬೆ ನೀಹಾರಿಕೆ. ಸಾಯುತ್ತಿರುವ ನಕ್ಷತ್ರ ತನ್ನ ಹೊರಮೈಯನ್ನು ಹೊಗೆಯಂತೆ ಸುತ್ತಲೂ ಬಿಟ್ಟಿರುತ್ತದಂತೆ, ಅದೇ ಈ ನೀಹಾರಿಕೆ. ಹಿಂದಿನವರಿಗೆ ಅದು ಗ್ರಹದಂತೆ ದುಂಡಗೆ ಕಂಡದ್ದರಿಂದ ಈ ಜಾತಿಗೆ ಗ್ರಹೀಯ ನೀಹಾರಿಕೆ ಎಂಬ ಹೆಸರು ಬಂತು, ಗ್ರಹಕ್ಕೂ ಅದಕ್ಕೂ ಸಂಬಂಧವಿಲ್ಲ. ಬಹಳ ಮಂಕು. ಸಪ್ತರ್ಷಿ ಮಂಡಲದಲ್ಲಿ ಪುಲಹ ನಕ್ಷತ್ರದ ಪಕ್ಕದಲ್ಲಿದೆ. ಆ ಮಂಡಲ ನನಗೂ ಪರಿಚಯವೇ. ಮದುವೆ ಆಲ್ಬಮ್ಮುಗಳಲ್ಲಿ ನಡುಹಗಲು ಗಂಡು ಬೆರಳೆತ್ತಿ ಅರುಂಧತಿಯನ್ನು ತೋರಿಸುವುದು, ಹೆಣ್ಣು ಕಲ್ಯಾಣಮಂಟಪದ ಶೀಟಿನ ಕಡೆ ನೋಡಿ ತಲೆಯಾಡಿಸುವುದು, ಅಂಥ ಚಿತ್ರಗಳನ್ನು ಲೆಕ್ಕವಿಲ್ಲದಷ್ಟು ಟಚ್ ಮಾಡಿದ್ದೇನೆ. ನಿಜವಾದ ಅರುಂಧತಿಯನ್ನು ಮಾತ್ರ ನೋಡಿರಲಿಲ್ಲ.

ಏಪ್ರಿಲ್ ಕೊನೆಯ ಒಂದು ಸಂಜೆ ಎಲ್ಲವನ್ನೂ ಲಗೇಜ್ ಆಟೋದಲ್ಲಿ ಹೇರಿಕೊಂಡು ಶಂಕರಘಟ್ಟದ ಮೇಡಂ ಮನೆಗೆ ಹೋದೆವು. "ಏನ್ ಸಾರ್, ಬೋರ್‌ವೆಲ್ ಪೈಪಾ?" ಎಂದ ಡ್ರೈವರ್. "ಹೂಂ, ಮೇಲಕ್ಕೆ ಕೊರೆಯೋದು" ಎಂದರು ನಮ್ಮವರು. ಕತ್ತಲಾಗುತ್ತಲೇ ತಾರಸಿಯ ಮೇಲೆ ಶುರು ಮಾಡಿದೆವು. ಕಣ್ಣಿಟ್ಟು ನೋಡಿದರೆ ಏನೂ ಕಾಣಲಿಲ್ಲ.

"ಅದು ಕಣ್ಣಿಗೆ ಸಿಗೋದು ಕಷ್ಟ," ಎಂದರು ಮೇಡಂ. "ಒಂದೇ ಜಾಗದ ಬೇಕಾದಷ್ಟು ಫೋಟೋ ತೆಗೆಯೋಣ. ನಾನು ಹೇಳೋ ಸಾಫ್ಟ್‌ವೇರ್ ನಕ್ಷತ್ರಕ್ಕೆ ನಕ್ಷತ್ರ ಹೊಂದಿಸಿ ಎಲ್ಲಾನೂ ಒಂದರ ಮೇಲೊಂದು ಕೂಡಿಸುತ್ತೆ. ಅಕ್ಕಾ, ಫೋಟೋಗಳನ್ನ ಇದ್ದ ಹಾಗೇ ಅದಕ್ಕೆ ಕೊಟ್ಟುಬಿಡಿ."

ರಾಶಿ ಫೋಟೋ ತೆಗೆದು, ಮೇಡಂ ಮನೆಯಲ್ಲಿ ಊಟ ಮಾಡಿ ಬಂದೆವು. ಮರುದಿನ ಕಂಪ್ಯೂಟರಿಗೆ ಹಾಕಿ ನೋಡುತ್ತೇನೆ, ಅಯ್ಯೋ, ಎಂಥ ಕೊಳೆ! ಕ್ಯಾಮೆರಾ ತಾನೇ ಹುಟ್ಟಿಸುವ ಕೆಂಪು ನೀಲಿ ಚುಕ್ಕೆಗಳು, ಧೂಳಿನ ನೆರಳು, ಉಪಗ್ರಹ ಹಾದುಹೋದ ಗೆರೆ. ನಡುವೆ ಅಂಗಿಗುಂಡಿಯಷ್ಟು ದುಂಡನೆಯ ಬಿಳಿಚಿದ ಕಲೆ. ಫಿಲ್ಮ್ ತೊಳೆದು ಒಣಹಾಕಿದಾಗ ನೀರಹನಿ ನಿಂತು ಒಣಗಿದರೆ ಥೇಟ್ ಅಂಥದೇ ಕಲೆಯಾಗುತ್ತಿತ್ತು. ಅಂಥವನ್ನು ನಾನು ಸಾವಿರಗಟ್ಟಲೆ ತೆಗೆದಿದ್ದೇನೆ. ಇಬ್ಬನಿ ಬಿದ್ದಿರಬೇಕು ಎಂದುಕೊಂಡೆ. 'ಇದ್ದ ಹಾಗೇ ಕೊಡಿ' ಎಂದರಂತೆ! ತೊಳೆಯದ ಪಾತ್ರೆಯಲ್ಲಿ ಯಾರಾದರೂ ಹಾಲು ಕಾಯಿಸುತ್ತಾರೆಯೇ? ಒಂದೊಂದೇ ಫೋಟೋ ತೆಗೆದುಕೊಂಡು, ಎರಡು ಮಧ್ಯಾಹ್ನ ಕೂತು ಎಲ್ಲವನ್ನೂ ಸ್ವಚ್ಛ ಮಾಡಿದೆ. ಆಮೇಲೆ ಕೂಡಿಸಲು ಕೊಟ್ಟೆ.

ಬಂದ ಚಿತ್ರ ನೋಡಿದರೆ ಕನ್ನಡಿಯಂತೆ ಶುಭ್ರ. ನಕ್ಷತ್ರಗಳೆಲ್ಲ ಮೇಡಂ ಕೊಟ್ಟ ನಕ್ಷೆಯಂತೆಯೇ ಕೂತಿದ್ದವು. ಜಾಗ ಸರಿ. ಗೂಬೆ ಮಾತ್ರ ಇಲ್ಲ. ನಾವಿಬ್ಬರೂ ಹುಡುಕುತ್ತಿದ್ದುದು ಇಂಟರ್‌ನೆಟ್ಟಿನಲ್ಲಿ ಕಂಡ, ಪರದೆ ತುಂಬ ಹಸಿರು ಕೆಂಪು ಮಿಂಚುವ, ಎರಡು ಕಣ್ಣಿನ ಗೂಬೆಯನ್ನು.

ನಮ್ಮವರು ನೋಡುವಷ್ಟು ನೋಡಿ ಕನ್ನಡಕ ತೆಗೆದರು. "ಕನ್ನಡಿ ಅಂಚು ಜಾಸ್ತಿ ಸವೆದು ಇಳಿದಿದೆ. ಬೆಳಕೆಲ್ಲ ಚೆದುರಿ ಹೋಗ್ತಿದೆ. ಕೈ ನಡುಗಿದಾಗಲೇ ನನಗೆ ಅನುಮಾನ ಇತ್ತು."

"ಮೇಡಂನ ಒಂದ್ಸಲ ಕೇಳೋಣ ರೀ."

"ಬೇಡ. ಮೊದಲು ನಾನು ಸರಿ ಮಾಡ್ತೀನಿ. ಆಮೇಲೆ ತೋರ್ಸೋಣ."

ಹೀಗೆ ಕನ್ನಡಿಯ ಮೇಲೆ ಗೂಬೆ ಕೂರಿಸಿದ್ದಾಯಿತು. ಸರಿ ಮಾಡುವುದು ಎಂದರೆ ಲೇಪವನ್ನು ರಾಸಾಯನಿಕ ಹಾಕಿ ತೊಳೆದು, ಗಾಜನ್ನು ಮತ್ತೆ ಉಜ್ಜುವುದು. ಆ ಕೈಯಿಂದ! ಈಗಿರುವುದೂ ಹಾಳಾಗುತ್ತದೆ ಎಂದು ನನಗೆ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ. ಸಂಜೆ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಲೇಪ ತೊಳೆಯುವ ದ್ರಾವಣದ ಬಾಟಲಿ ತಂದು ಅಡುಗೆಮನೆ ಕಟ್ಟೆಯ ಮೇಲಿಟ್ಟರು. ನಾನು ಅದನ್ನು ನೋಡುತ್ತಾ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಬೆಳಗ್ಗೆ ಅವರು ಬೇಸಿನ್ ಹಿಡಿದು ಹಿತ್ತಲಿಗೆ ಹೋದರು. ಕನ್ನಡಿಯ ಪರವಾಗಿ ಏನಾದರೂ ಸಾಕ್ಷಿ ಸಿಕ್ಕೀತೇ ಎಂದು ನಾನು ಕಂಪ್ಯೂಟರ್ ಮುಂದೆ ಕೂತೆ. ಅಂಚು ಕೆಟ್ಟಿದ್ದರೆ ನಕ್ಷತ್ರಗಳ ಸುತ್ತ ಬೆಳಕು ಮಸಿಯಂತೆ ಹರಡಿರಬೇಕು, ಅದನ್ನಾದರೂ ನೋಡೋಣ ಎಂದು. ಕ್ಯಾಮೆರಾದ ಕಾರ್ಡಿನಲ್ಲಿ ಮೂಲ ಫೋಟೋಗಳು ಹಾಗೆಯೇ ಇದ್ದವು. ಒಂದರ ಹಿಂದೆ ಒಂದನ್ನು ಬೇಗ ಬೇಗ ಒತ್ತುತ್ತಾ ಹೋದೆ.

ಪ್ರಿಂಟರಿನ ಮೋಟಾರು ಸ್ವಲ್ಪ ಸೋಮಾರಿ. ಅದಕ್ಕೇ ಫೋಟೋದಿಂದ ಫೋಟೋಕ್ಕೆ ನಕ್ಷತ್ರಗಳೆಲ್ಲ ಒಂದಿಷ್ಟು ಎಡಕ್ಕೆ ಸರಿಯುತ್ತಿದ್ದವು, ಇರುವೆ ಸಾಲು ಹೊರಟಂತೆ. ಧೂಳಿನ ನೆರಳುಗಳು ಕೂತಲ್ಲೇ ಕೂತಿದ್ದವು. ಕೆಂಪು ನೀಲಿ ಚುಕ್ಕೆಗಳೂ ಅಲುಗಲಿಲ್ಲ. ಆದರೆ ಆ ನೀರಿನ ಕಲೆ?

ಅದು ಸರಿಯುತ್ತಿತ್ತು. ನಕ್ಷತ್ರಗಳ ಜೊತೆಯಲ್ಲೇ, ಅವು ಎಷ್ಟೋ ಅಷ್ಟೇ.

ಮುಖ ತಿರುಗಿದೆ, ಗುರುತೂ ಜೊತೆಯಲ್ಲೇ ತಿರುಗಿದೆ. ಸೆಲ್ವರಾಜಣ್ಣ ಬೆನ್ನ ಹಿಂದೆ ನಿಂತು ಹೇಳಿದಂತಾಯಿತು. ಕಲೆಯನ್ನು ದೊಡ್ಡದು ಮಾಡಿ ನೋಡಿದೆ. ದುಂಡು ಬಿಳುಪಿನೊಳಗೆ, ಇದೆಯೋ ಇಲ್ಲವೋ ಎಂಬಂತೆ ಎರಡು ಮಬ್ಬು ಕುಳಿಗಳು. ಗೂಬೆಯ ಕಣ್ಣು.

"ರೀ! ಹಾಕ್ಬೇಡಿ! ನಿಲ್ಲಿ!" ಎಂದು ಕೂಗುತ್ತಾ ಹಿತ್ತಲಿಗೆ ಓಡಿದೆ. ಕನ್ನಡಿ ಬೇಸಿನ್ನಿನಲ್ಲಿ ಹೊಳೆಯುತ್ತಾ ಮಲಗಿತ್ತು. ಅವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಬಾಟಲಿಯನ್ನು ಮೊಣಕಾಲ ನಡುವೆ ಅವುಚಿಕೊಂಡು, ಬೆವರು ಸುರಿಸುತ್ತಿದ್ದರು. ನಡುಗುವ ಕೈಗೆ ಮುಚ್ಚಳ ತಿರುಗಿರಲಿಲ್ಲ. ಯಾವ ಕೈನಡುಕವನ್ನು ದಿನಾ ಶಪಿಸುತ್ತಿದ್ದೆನೋ ಅದಕ್ಕೆ ಅವತ್ತು ಮನಸ್ಸಿನಲ್ಲೇ ಕೈಮುಗಿದೆ.

ಒಳಗೆ ಕರೆತಂದು ತೋರಿಸಿದೆ. ಮೂಲ ಫೋಟೋಗಳನ್ನು ಹಾಗೆಯೇ, ಕೊಳೆ ಸಮೇತ ಕೂಡಿಸಲು ಕೊಟ್ಟೆ. ನಿಧಾನಕ್ಕೆ ಚಿತ್ರ ಮೂಡಿತು. ನಕ್ಷತ್ರಕ್ಕೆ ನಕ್ಷತ್ರ ಹೊಂದಿಸಿದ್ದರಿಂದ ಧೂಳು ಗೀರುಗೀರಾಗಿ ಎಳೆದುಕೊಂಡಿತ್ತು. ಪುಲಹನ ಪಕ್ಕದ ಆ ಅಂಗಿಗುಂಡಿ ಮಾತ್ರ ದುಂಡಗೆ, ತೆಳು ಹಸಿರಾಗಿ, ಎರಡು ಕಣ್ಣು ಬಿಟ್ಟು ನಮ್ಮನ್ನೇ ನೋಡುತ್ತಿತ್ತು. ನಮ್ಮವರು, ನಾನು ಸ್ವಚ್ಛ ಮಾಡಿದ್ದ ಚಿತ್ರವನ್ನು ಪಕ್ಕದಲ್ಲಿ ತೆಗೆಸಿ, ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದರು.

"ಅಂದ್ರೆ ಇದ್ದಿದ್ದನ್ನ ನೀನು ಒರೆಸಿಹಾಕಿದ್ದೆ?"

"ಹೂಂ."

"ಎಷ್ಟು ಚೆನ್ನಾಗಿ ಒರೆಸಿದ್ದೀಯ ಮಾರಾಯ್ತಿ, ಒಂದು ಚೂರೂ ಗೊತ್ತಾಗಲ್ಲ!"

ನಗು ಬಂದು ಇಬ್ಬರ ಕಣ್ಣಲ್ಲೂ ನೀರು. ಅವರದ್ದು ಬರೀ ನಗುವಿನ ನೀರಲ್ಲ ಎಂದು ನನಗೆ ಗೊತ್ತಿತ್ತು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, "ಅಂಚು ಸರಿಯಾಗೇ ಇದೆ" ಎಂದು ತಮಗೇ ಹೇಳಿಕೊಂಡರು. ಗಿರಿಜಾ ಮೇಡಂಗೆ ಚಿತ್ರ ಕಳಿಸಿ ನಡೆದದ್ದನ್ನು ಹೇಳಿದಾಗ, "ಅಕ್ಕಾ, ಮೊದಲು ನನ್ನ ಮಚ್ಚೆ, ಈಗ ನೀಹಾರಿಕೆ! ನಿಮ್ಮಿಂದ ಯಾವುದಕ್ಕೂ ರಕ್ಷಣೆಯಿಲ್ಲ" ಎಂದರು.

ಮುಂದಿನ ವಾರ ಅದನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಲು ಶಿವಮೊಗ್ಗದ ಕಲರ್ ಲ್ಯಾಬಿಗೆ ಹೋದೆವು. ಕಂಪ್ಯೂಟರ್ ಮುಂದೆ ಕೂತವರು ನನ್ನ ಹಾಗೆಯೇ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡವರು, ಈ ಕೆಲಸದಲ್ಲಿ ಪಳಗಿದವರು. ಚಿತ್ರ ತೆರೆದು ನೋಡಿ, ಮೌಸನ್ನು ಸೀದಾ ನಡುವಿಗೆ ಒಯ್ದರು.

"ಮೇಡಂ, ಇಲ್ಲೊಂದು ನೀರಿನ ಕಲೆ ಥರ ಬಂದಿದೆ. ತೆಗೆದುಬಿಡ್ಲಾ?"

ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಮುಂದೆ ಬಗ್ಗಿ, ನಡುಗುವ ಕೈಯನ್ನು ಅವರ ಮೌಸಿನ ಮೇಲಿಟ್ಟರು.

"ಬೇಡ ಸ್ವಾಮಿ," ಎಂದರು. "ಅದನ್ನ ಒಂದ್ಸಲ ತೆಗೆದಾಗಿದೆ."